ಮರಳಿನ ತಾಲ್ಲೂಕಿನಲ್ಲಿ ಗ್ರೋಸೈಟ್

2025 ಜನವರಿ 12, ಭಾನುವಾರ
ಸೋಮನಾಥಪುರ

ಬೆಳಿಗ್ಗೆ ತಮ್ಮನ ಮಗಳ ಫೋನು. ಮೈಸೂರಿನಲ್ಲಿ ಭೂವಿಜ್ಞಾನ ಎಂ.ಎಸ್ಸಿ. ಓದುತ್ತಿದ್ದಾಳೆ. ಮುಂದಿನ ತಿಂಗಳು ಸೆಮಿನಾರ್ ಕೊಡಬೇಕು, ಚೀಟಿ ಎತ್ತಿ ವಿಷಯ ಹಂಚಿದ್ದಾರೆ, ಇವಳ ಪಾಲಿಗೆ ಬಂದದ್ದು ಗ್ರೋಸೈಟ್. "ದೊಡ್ಡಪ್ಪ, ಕ್ಯಾಲ್ಸಿಯಂ, ಅಲ್ಯೂಮಿನಿಯಂ, ಆಕ್ಸಿಜನ್ ಮೂರೇ ಇರೋ ಖನಿಜವಂತೆ. ಗುಣ ಹೇಳ್ಬೇಕು, ವರ್ಗೀಕರಣ ಹೇಳ್ಬೇಕು. ನೀವು ಸಿಮೆಂಟ್ ಫ್ಯಾಕ್ಟರೀಲಿ ಇದೇ ತಾನೆ ನೋಡ್ತಿದ್ದದ್ದು?" ಅಂದಳು.

ಗ್ರೋಸೈಟ್ ಎಂಬ ಹೆಸರು ನನಗೆ ಹೊಸದು. ಸೂತ್ರ ಓದು ಅಂದೆ. ಒಂದು ಕ್ಯಾಲ್ಸಿಯಂ, ನಾಲ್ಕು ಅಲ್ಯೂಮಿನಿಯಂ, ಏಳು ಆಕ್ಸಿಜನ್. ಕೇಳಿದ ಕೂಡಲೇ ಆಸಾಮಿ ಯಾರೆಂದು ಗೊತ್ತಾಯಿತು. ನಮ್ಮ ಲ್ಯಾಬಿನಲ್ಲಿ ಅದಕ್ಕೆ ಸಿಎ2 ಅನ್ನುತ್ತಿದ್ದೆವು. ಸಿಮೆಂಟಿನವರ ಬಾಯಲ್ಲಿ ಸಿ ಅಂದರೆ ಸುಣ್ಣ, ಎ ಅಂದರೆ ಅಲ್ಯೂಮಿನಾ, ಎಸ್ ಅಂದರೆ ಸಿಲಿಕಾ. ಒಂದು ಸುಣ್ಣಕ್ಕೆ ಎರಡು ಅಲ್ಯೂಮಿನಾ ಸೇರಿದರೆ ಸಿಎ2. ಮನೆ ಕಟ್ಟುವ ಸಾಮಾನ್ಯ ಸಿಮೆಂಟಿನಲ್ಲಿ ಇದು ಇರುವುದಿಲ್ಲ. ಕಿಲ್ನ್‌ನ ಒಳಗೋಡೆಗೆ ಬಳಿಯುತ್ತಿದ್ದ ಬೆಂಕಿ ತಡೆಯುವ ಸಿಮೆಂಟಿನ ಚೀಲಗಳಲ್ಲಿ ಇರುತ್ತಿತ್ತು. ಅದು ಭೂಮಿಯ ಅಪರೂಪದ ಖನಿಜಗಳಲ್ಲೊಂದು ಎಂಬುದು ಇವತ್ತು ತಿಳಿಯಿತು.

ಮಧ್ಯಾಹ್ನ ಕೂತು ಇಡೀ ಸಂಸಾರದ ಪಟ್ಟಿ ಹಾಕಿದೆ. ನೂರು ಗ್ರಾಂ ಪುಡಿಯಲ್ಲಿ ಸುಣ್ಣ ಎಷ್ಟು, ಉಳಿದದ್ದು ಅಲ್ಯೂಮಿನಾ:
ಸಿ3ಎ, 62 ಗ್ರಾಂ.
ಸಿ12ಎ7, 48.5 ಗ್ರಾಂ.
ಸಿಎ, 35.5 ಗ್ರಾಂ.
ಸಿಎ2, ಅಂದರೆ ಗ್ರೋಸೈಟ್, 21.6 ಗ್ರಾಂ.
ಸಿಎ6, 8.4 ಗ್ರಾಂ.
ಸುಣ್ಣ ಪೂರ್ತಿ ಹೋದರೆ ಉಳಿಯುವುದು ಬರಿಯ ಅಲ್ಯೂಮಿನಾ. ಅದೇ ಕುರುಂದ, ಬಣ್ಣ ಕೂಡಿಬಂದರೆ ಮಾಣಿಕ್ಯ, ನೀಲ.

ಈ ಪಟ್ಟಿಯಲ್ಲಿ ಸಿ12ಎ7ರಿಂದ ಕೆಳಗಿಳಿದಷ್ಟೂ ಕರಗಿಸಲು ಹೆಚ್ಚು ಬೆಂಕಿ ಬೇಕು. ಸಿ12ಎ7ಗೆ ಸುಮಾರು 1,400 ಡಿಗ್ರಿ ಸಾಕು. ಸಿಎಗೆ 1,600. ಗ್ರೋಸೈಟ್ 1,750 ದಾಟಿದರೂ ಜಗ್ಗುವುದಿಲ್ಲ. ಇಷ್ಟನ್ನು ಫೋಟೋ ತೆಗೆದು ಅವಳಿಗೆ ಕಳಿಸಿದೆ.

ಜನವರಿ 14, ಮಂಗಳವಾರ, ಸಂಕ್ರಾಂತಿ

ತಮ್ಮನ ಮನೆಯವರೆಲ್ಲ ನಿನ್ನೆ ರಾತ್ರಿಯೇ ಬಂದರು. ಎಳ್ಳು ಬೀರುವ ಗಲಾಟೆಯ ನಡುವೆ ಜಗುಲಿಯಲ್ಲಿ ನಮ್ಮಿಬ್ಬರ ವಾದ. ನಾನು ಹೇಳಿದ್ದು: ಇದನ್ನು ಕಾರ್ಖಾನೆಯವರು ಬಹಳ ಹಿಂದೆಯೇ ಮಾಡಿದ್ದಾರೆ, ನಿಮ್ಮವರು ಹೊಸದಾಗಿ ಕಂಡುಹಿಡಿದದ್ದೇನು? ಅವಳ ಉತ್ತರ ನೇರವಾಗಿತ್ತು. "ಕುಲುಮೆಯಲ್ಲಿ ಆದದ್ದು ಖನಿಜ ಅಲ್ಲ ದೊಡ್ಡಪ್ಪ. ಯಾರ ಕೈಯೂ ಸೋಕದೆ ನೆಲದಲ್ಲೋ ಆಕಾಶದಲ್ಲೋ ತಾನಾಗಿ ಆಗಿರಬೇಕು. ರಚನೆ, ಸಂಯೋಜನೆ ಎರಡನ್ನೂ ತೋರಿಸಿ ಅಂತರರಾಷ್ಟ್ರೀಯ ಸಂಘದಿಂದ ಒಪ್ಪಿಗೆ ಪಡೀಬೇಕು. ಆಮೇಲೇ ಹೆಸರು."

ಹಾಗೆ ಹೆಸರು ಸಿಕ್ಕಿದ್ದು 1994ರಲ್ಲಿ. ಇಸ್ರೇಲಿನ ಮೃತ ಸಮುದ್ರದ ಬಳಿಯ ಹತ್ರೂರಿಂ ಎಂಬ ಬರಡು ಗುಡ್ಡಸಾಲಿನಲ್ಲಿ ಸಿಕ್ಕಿತು. ಆ ಗುಡ್ಡಗಳ ಖನಿಜಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ 1977ರಲ್ಲಿ ಅವುಗಳ ಮೇಲೆ ಗ್ರಂಥವನ್ನೇ ಬರೆದ ಭೂವಿಜ್ಞಾನಿ ಶುಲಮಿತ್ ಗ್ರೋಸ್ ಅವರ ಗೌರವಕ್ಕೆ ಗ್ರೋಸೈಟ್.

ಕಾರ್ಖಾನೆಯ ಕಡೆಯ ಕಥೆಯೂ ಸರಳವಲ್ಲ ಎಂದು ಅವಳಿಗೆ ಹೇಳಿದೆ. 1915ರಲ್ಲಿ ವಾಷಿಂಗ್ಟನ್ನಿನ ಜಿಯೊಫಿಸಿಕಲ್ ಲ್ಯಾಬೊರೇಟರಿಯ ರ‍್ಯಾಂಕಿನ್ ಮತ್ತು ರೈಟ್ ಸುಣ್ಣ, ಅಲ್ಯೂಮಿನಾ, ಸಿಲಿಕಾ ಮೂರನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ, ಕಾಯಿಸಿ, ದೊಡ್ಡ ನಕ್ಷೆಯೊಂದನ್ನು ಹೊರತಂದರು. ಸಿಮೆಂಟ್ ಓದಿದವರೆಲ್ಲ ಆ ತ್ರಿಕೋನದ ಮುಂದೆ ತಲೆ ಕೆಡಿಸಿಕೊಂಡವರೇ. ಅವರ ಪಟ್ಟಿಯಲ್ಲಿ ಇಂದಿನ ಗ್ರೋಸೈಟ್ ಇದ್ದದ್ದು ಮೂರು ಸುಣ್ಣಕ್ಕೆ ಐದು ಅಲ್ಯೂಮಿನಾ ಎಂಬ ಲೆಕ್ಕದಲ್ಲಿ. ಸಿ12ಎ7 ಇದ್ದದ್ದು ಐದಕ್ಕೆ ಮೂರು ಎಂದು. ಸ್ಫಟಿಕದ ಒಳರಚನೆಯನ್ನು ಎಕ್ಸ್-ಕಿರಣದಲ್ಲಿ ಬಿಡಿಸಿ ನೋಡಿದ ಮೇಲೆ ಎರಡೂ ಲೆಕ್ಕ ತಿದ್ದುಪಡಿ ಆದವು. ತೂಗಿ ಅಳೆದರೆ 3:5ಕ್ಕೂ 1:2ಕ್ಕೂ ಇರುವ ಅಂತರ ಸಣ್ಣದು. ಪರಮಾಣುಗಳು ಎಲ್ಲೆಲ್ಲಿ ಕೂತಿವೆ ಎಂದು ಎಣಿಸಿದಾಗ ಮಾತ್ರ ಯಾವುದು ಸರಿ ಎಂದು ತೀರ್ಮಾನವಾಗುತ್ತದೆ.

"ಹಬ್ಬದ ದಿನವಾದ್ರೂ ಆ ಸಿಮೆಂಟ್ ಬಿಡ್ರೀ" ಎಂದು ಒಳಗಿನಿಂದ ಹೆಂಡತಿಯ ಕೂಗು. ಕಬ್ಬು ಸಿಗಿಯುವ ಕೆಲಸ ನನ್ನ ಪಾಲಿಗೆ ಬಂತು.

ಜನವರಿ 15, ಬುಧವಾರ

ಎಲ್ಲರೂ ಸೇರಿ ತಲಕಾಡಿಗೆ ಹೋಗಿದ್ದೆವು. ಹಬ್ಬದ ಮರುದಿನ, ವಿಪರೀತ ಜನ. ಕೀರ್ತಿನಾರಾಯಣ ನೋಡಿ, ಮರಳಿನ ದಾರಿ ಹಿಡಿದು ಪಾತಾಳೇಶ್ವರ, ಮರಳೇಶ್ವರ. ನಡೆದಷ್ಟೂ ಕಾಲು ಹೂತುಹೋಗುತ್ತದೆ. ಅಲಮೇಲಮ್ಮನ ಶಾಪದ ಕಥೆಯನ್ನು ತಮ್ಮ ಚಿಕ್ಕವನಿಗೆ ಹೇಳುತ್ತಾ ಮುಂದೆ ಹೋದ. ನಾವಿಬ್ಬರೂ ನೀಲಗಿರಿ ಮರದ ಬುಡದಲ್ಲಿ ಕೂತೆವು.

ಅವಳ ಚೀಲದಲ್ಲಿ ಲೆನ್ಸು ಸದಾ ಇರುತ್ತದೆ. ಒಂದು ಚಿಟಿಕೆ ಮರಳು ಅಂಗೈಗೆ ಹಾಕಿಕೊಂಡು ಒಬ್ಬರಾದ ಮೇಲೊಬ್ಬರು ನೋಡಿದೆವು. ಹೆಚ್ಚಿನವು ಗಾಜಿನಂತೆ ಬೆಳಕು ಹಾಯುವ ಕಣಗಳು, ಅಂಚು ಸವೆದು ದುಂಡಗಾಗಿವೆ: ಸ್ಫಟಿಕ, ಅಂದರೆ ಕ್ವಾರ್ಟ್ಜ್, ಶುದ್ಧ ಸಿಲಿಕಾ. ನಡುನಡುವೆ ಮಸುಕು ಬಿಳಿ, ನಸುಗೆಂಪಿನ ಫೆಲ್ಡ್‌ಸ್ಪಾರ್. ಹುಡುಕಿದರೆ ಒಂದೆರಡು ಕೆಂಪು ಗಾರ್ನೆಟ್. ಕಪ್ಪು ಕಣಗಳು ಅವಳ ಕೀಚೈನಿನ ಅಯಸ್ಕಾಂತಕ್ಕೆ ಮೀಸೆಯ ಹಾಗೆ ಅಂಟಿಕೊಂಡವು.

ಅಲ್ಲೇ ಅವಳು ಕೇಳಿದಳು, "ಅಲ್ಯೂಮಿನಿಯಂ, ಕ್ಯಾಲ್ಸಿಯಂ ಎರಡೂ ಎಲ್ಲೆಲ್ಲೂ ಇವೆ. ಮತ್ತೆ ಗ್ರೋಸೈಟ್ ಯಾಕೆ ಇಷ್ಟು ಅಪರೂಪ?"

ಉತ್ತರ ಅಂಗೈಯಲ್ಲೇ ಇತ್ತು. ಭೂಮಿಯ ಹೊರಪದರದ ತೂಕದಲ್ಲಿ ಆಕ್ಸಿಜನ್ ನೂರಕ್ಕೆ 46ರಷ್ಟು, ಸಿಲಿಕಾನ್ 28ರಷ್ಟು. ಅಲ್ಯೂಮಿನಿಯಂ 8, ಕ್ಯಾಲ್ಸಿಯಂ ಸುಮಾರು 4. ಸಾಮಗ್ರಿಗೆ ಬರವಿಲ್ಲ. ತೊಡಕು ಸಿಲಿಕಾದ್ದು. ಕರೆಯದಿದ್ದರೂ ಮದುವೆಗೆ ಬಂದು ಮೊದಲ ಪಂಕ್ತಿಯಲ್ಲೇ ಎಲೆ ಹಿಡಿಯುವ ನೆಂಟ ಅದು. ಕ್ಯಾಲ್ಸಿಯಂ, ಅಲ್ಯೂಮಿನಿಯಂ ಒಂದಾಗುವಲ್ಲೆಲ್ಲ ಸಿಲಿಕಾ ನುಗ್ಗಿ ಫೆಲ್ಡ್‌ಸ್ಪಾರ್ ಮಾಡುತ್ತದೆ, ಗಾರ್ನೆಟ್ ಮಾಡುತ್ತದೆ. ಈ ಮರಳಿನಲ್ಲಿ ಆಗಲೇ ಕಂಡ ಕಣಗಳು ಅವೇ.

ಅವಳ ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದು ತೋರಿಸಿದೆ. ಒಂದು ಪಾಲು ಗ್ರೋಸೈಟ್‌ಗೆ ಎರಡು ಪಾಲು ಸಿಲಿಕಾ ಕೂಡಿಸಿ ಕಾಯಿಸಿದರೆ ಗ್ರೋಸೈಟ್ ಉಳಿಯುವುದಿಲ್ಲ. ಅನಾರ್ಥೈಟ್ ಎಂಬ ಕ್ಯಾಲ್ಸಿಯಂ ಫೆಲ್ಡ್‌ಸ್ಪಾರ್ ಒಂದು ಪಾಲು, ಕುರುಂದ ಒಂದು ಪಾಲು ಆಗುತ್ತದೆ. ಮೂರನೇ ಪಾಲು ಸಿಲಿಕಾ ಕೊಟ್ಟರೆ ಆ ಕುರುಂದವೂ ಹೋಗಿ ಸಿಲಿಮನೈಟ್ ಅಥವಾ ಕಯನೈಟ್. ಈ ಕೊನೆಯ ಎರಡು ಖನಿಜಗಳು ಸರಗೂರು ಕಡೆಯ ಶಿಲೆಗಳಲ್ಲಿ ಇವೆ, ಅವಳ ಕ್ಲಾಸಿನವರು ಹೋಗಿ ನೋಡಿ ಬಂದಿದ್ದಾರೆ. "ಹಾಗಾದ್ರೆ ನಮ್ ತಾಲ್ಲೂಕಲ್ಲಿ ಗ್ರೋಸೈಟ್ ಇಲ್ದೆ ಇರೋದಕ್ಕೆ ಈ ಮರಳೇ ಸಾಕ್ಷಿ" ಅಂದಳು. ಸೆಮಿನಾರಿನ ಮೊದಲ ಸ್ಲೈಡಿಗೆಂದು ಮರಳಿನ ಫೋಟೋ ತೆಗೆದುಕೊಂಡಳು.

ಜನವರಿ 17, ಶುಕ್ರವಾರ

ಎಲ್ಲರೂ ಹೊರಟರು. ಮನೆ ಭಣಭಣ. ಅವಳು ಮೊಬೈಲಿಗೆ ಕಳಿಸಿದ ಲೇಖನಗಳನ್ನು ಓದುತ್ತಾ ಕೂತೆ.

ಸಿಲಿಕಾದ ಕೈಗೆ ಸಿಗದೆ ಗ್ರೋಸೈಟ್ ಹುಟ್ಟಬೇಕಾದರೆ ಏನಾಗಬೇಕು? ಹತ್ರೂರಿಂನಲ್ಲಿ ಆದದ್ದು ಇಷ್ಟು: ಸೀಮೆಸುಣ್ಣದಂಥ ಮೆತ್ತನೆಯ ಸುಣ್ಣಕಲ್ಲಿನ ಪದರಗಳು, ಅವುಗಳೊಳಗೆ ಎಣ್ಣೆಯಂಶದ ಜೈವಿಕ ಪದಾರ್ಥ. ನೆಲದಡಿಯಲ್ಲಿ ಅದಕ್ಕೆ ಬೆಂಕಿ ಹತ್ತಿ ಉರಿಯಿತು. ಶಾಖ ಸಾವಿರ ಡಿಗ್ರಿ ದಾಟಿತು, ಒತ್ತಡ ಮಾತ್ರ ಮೇಲ್ಮೈಯಲ್ಲಿ ಇರುವಷ್ಟೇ. ಸುಣ್ಣಕಲ್ಲು ಸುಟ್ಟು ಬಿಡಿ ಸುಣ್ಣವಾಯಿತು, ಇದ್ದಬದ್ದ ಸಿಲಿಕಾವನ್ನು ಆ ಸುಣ್ಣವೇ ಹಿಡಿದು ಲಾರ್ನೈಟ್ ಮಾಡಿಕೊಂಡಿತು. ಜೇಡಿಯಿಂದ ಬಂದ ಅಲ್ಯೂಮಿನಾ ಸಿಲಿಕಾದ ಹಿಡಿತ ತಪ್ಪಿಸಿಕೊಂಡಿತು. ಅಲ್ಯೂಮಿನಾ ಹೆಚ್ಚಾಗಿ ಸೇರಿದ ಮೂಲೆಗಳಲ್ಲಿ ಗ್ರೋಸೈಟ್.

ಓದುತ್ತಿದ್ದಂತೆ ಕಣ್ಣ ಮುಂದೆ ಕಿಲ್ನ್ ತಿರುಗತೊಡಗಿತು. ನಾವು ಮಾಡುತ್ತಿದ್ದದ್ದು ಅದೇ. ಸುಣ್ಣಕಲ್ಲು, ಜೇಡಿ ಪುಡಿ ಮಾಡಿ 1,450 ಡಿಗ್ರಿಯವರೆಗೆ ಕಾಯಿಸು, ಸಿಲಿಕಾವನ್ನು ಸುಣ್ಣಕ್ಕೆ ಕಟ್ಟಿಹಾಕು, ಕ್ಲಿಂಕರ್ ತಣ್ಣಗಾಗಲಿ. ಲಾರ್ನೈಟ್‌ಗೆ ನಾವು ಸಿ2ಎಸ್ ಅನ್ನುತ್ತಿದ್ದೆವು, ಪ್ರತಿ ಶಿಫ್ಟಿನಲ್ಲೂ ಸೂಕ್ಷ್ಮದರ್ಶಕದಡಿ ಅದರ ಗುಂಡು ಕಣಗಳನ್ನು ನೋಡುತ್ತಿದ್ದೆ. ಪ್ರಕೃತಿ ಆ ಕೆಲಸವನ್ನು ಮರುಭೂಮಿಯಲ್ಲಿ ಮೊದಲೇ ಮಾಡಿಟ್ಟಿತ್ತು.

ಸಂಜೆ ಕೇಶವ ದೇವಾಲಯದ ಕಡೆ ವಾಕಿಂಗ್. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಪ್ರವಾಸಿಗರು ಹೆಚ್ಚಿದ್ದಾರೆ. ಗೈಡ್ ಒಬ್ಬರು ಶಿಲ್ಪಿ ಮಲ್ಲಿತಮ್ಮನ ಸಹಿ ತೋರಿಸಿ, ಬಳಪದ ಕಲ್ಲಾದ್ದರಿಂದಲೇ ಇಷ್ಟು ನವಿರಾದ ಕೆತ್ತನೆ ಸಾಧ್ಯವಾಯಿತು ಎನ್ನುತ್ತಿದ್ದರು. ನಿಜ. ಟಾಲ್ಕ್, ಕ್ಲೋರೈಟ್ ಎರಡೂ ಮೆದು ಖನಿಜಗಳು, ಎರಡರಲ್ಲೂ ಸಿಲಿಕಾ ಹಾಳೆಹಾಳೆಯಾಗಿ ಹರಡಿಕೊಂಡಿದೆ. 1258ರ ದೇವಾಲಯದ ಗೋಡೆಯಲ್ಲೂ ಕೊನೆಗೆ ಆ ನೆಂಟನೇ.

ಜನವರಿ 20, ಸೋಮವಾರ

ಇವತ್ತಿನ ಓದು ಆಕಾಶದ್ದು.

ಗ್ರೋಸೈಟ್‌ನ ಇನ್ನೊಂದು ತವರು ಉಲ್ಕಾಶಿಲೆ. ಕೆಲವು ಉಲ್ಕಾಶಿಲೆಗಳನ್ನು ಕತ್ತರಿಸಿದರೆ ಬೂದುಬಣ್ಣದ ನಡುವೆ ಬಿಳಿ ತುಣುಕುಗಳು ಕಾಣುತ್ತವೆ. ಅವುಗಳಲ್ಲಿ ಕ್ಯಾಲ್ಸಿಯಂ, ಅಲ್ಯೂಮಿನಿಯಂ ತುಂಬಿರುತ್ತವೆ. 1969ರ ಫೆಬ್ರವರಿಯಲ್ಲಿ ಮೆಕ್ಸಿಕೋದ ಅಯೆಂದೆ ಊರಿನ ಸುತ್ತ ಬಿದ್ದ ಕಲ್ಲುಗಳಲ್ಲಿ ಇಂಥ ತುಣುಕುಗಳು ಯಥೇಚ್ಛವಾಗಿ ಸಿಕ್ಕಿದ ಮೇಲೆ ಈ ಅಧ್ಯಯನಕ್ಕೆ ಕಳೆ ಬಂತು. ಅವುಗಳ ವಯಸ್ಸು 456.7 ಕೋಟಿ ವರ್ಷ. ಸೌರಮಂಡಲದಲ್ಲೇ ಹುಟ್ಟಿದ, ವಯಸ್ಸು ಅಳೆದು ನೋಡಿರುವ ಘನವಸ್ತುಗಳಲ್ಲಿ ಎಲ್ಲಕ್ಕಿಂತ ಹಳೆಯವು ಇವು.

ಅಲ್ಲಿ ಸಿಲಿಕಾ ಯಾಕೆ ಅಡ್ಡ ಬರಲಿಲ್ಲ? ಅದು ಇತ್ತು, ಆದರೆ ಇನ್ನೂ ಅನಿಲವಾಗಿತ್ತು. ಎಳೆಯ ಸೂರ್ಯನ ಸುತ್ತ ಎಲ್ಲವೂ ಕಾದ ಅನಿಲ. ಅದು ಆರುತ್ತಾ ಬಂದಾಗ ಅತಿ ಹೆಚ್ಚು ಶಾಖದಲ್ಲೂ ಗಟ್ಟಿಯಾಗಿರಬಲ್ಲವು ಮೊದಲು ಉದುರಿದವು. ಮೊದಲು ಕುರುಂದ, ಆಮೇಲೆ ಸಿಎ6, ಆಮೇಲೆ ಗ್ರೋಸೈಟ್. ಸಿಲಿಕಾ ಬಹುಪಾಲು ಮೇಲೇ ಉಳಿದಿತ್ತು. ಇನ್ನಷ್ಟು ಆರಿದಂತೆ ಸಿಲಿಕಾ ಇಳಿಯಿತು, ಅಲ್ಲಿಗೆ ಗ್ರೋಸೈಟ್‌ನ ಕಾಲ ಮುಗಿಯಿತು. ಬಹುತೇಕ ಕಣಗಳು ಮೆಲಿಲೈಟ್ ಎಂಬ ಸಿಲಿಕೇಟ್ ಆಗಿ ಮಾರ್ಪಟ್ಟವು. ಅದಕ್ಕೆ ಮುಂಚೆಯೇ ಅಲ್ಲಿಂದ ಹೊರಬಿದ್ದ ಕಣಗಳು ಮಾತ್ರ ಇಂದಿಗೂ ಗ್ರೋಸೈಟ್ ಆಗಿಯೇ ಉಳಿದಿವೆ.

ನಮ್ಮ ಕಡೆಯೂ ಉಲ್ಕೆ ಬಿದ್ದಿದೆ. 1865ರ ಸೆಪ್ಟೆಂಬರಿನಲ್ಲಿ ಮದ್ದೂರಿನ ಹತ್ತಿರ ಬಿದ್ದ ಕಲ್ಲು ಉಲ್ಕಾಶಿಲೆಗಳ ಪಟ್ಟಿಯಲ್ಲಿ 'ಮುದ್ದೂರ್' ಎಂಬ ಹೆಸರಿನಲ್ಲಿದೆ. ಹೆಂಡತಿಯ ತವರು ಅಲ್ಲಿಗೆ ಹತ್ತಿರ. ಹೇಳಿದ್ದಕ್ಕೆ, "ಅದನ್ನಾದ್ರೂ ನಮ್ಮೂರಿನ ಹೆಚ್ಚುಗಾರಿಕೆ ಅಂತ ಒಪ್ಕೊಳ್ಳಿ" ಅಂದಳು. ಒಪ್ಪಿದೆ. ಆದರೆ ಅದು ಸಾಮಾನ್ಯ ಕಾಂಡ್ರೈಟ್ ಜಾತಿಯದು, ತನ್ನ ತಾಯಿಗ್ರಹದ ಒಡಲಲ್ಲಿ ಒಮ್ಮೆ ಚೆನ್ನಾಗಿ ಬೆಂದದ್ದು. ಇಂಥವುಗಳಲ್ಲಿ ಬಿಳಿ ತುಣುಕು ಬಲು ವಿರಳ.

ಜನವರಿ 24, ಶುಕ್ರವಾರ

ರಾತ್ರಿ ಒಂದು ಗಂಟೆ ಹೊತ್ತು ಫೋನಿನಲ್ಲಿ ವರ್ಗೀಕರಣದ ಪಾಠ. ಈ ಸಲ ಅವಳು ಮೇಷ್ಟ್ರು, ನಾನು ವಿದ್ಯಾರ್ಥಿ.

ಗ್ರೋಸೈಟ್ ಬರುವುದು ಆಕ್ಸೈಡುಗಳ ವರ್ಗದಲ್ಲಿ. ಸ್ಟ್ರುಂಟ್ಸ್ ಪದ್ಧತಿಯಲ್ಲಿ ಅದು ನಾಲ್ಕನೇ ವರ್ಗ. ಒಳಗಿನ ವಿಭಾಗ ಲೋಹದ ಪರಮಾಣು ಎಷ್ಟು, ಆಕ್ಸಿಜನ್ ಎಷ್ಟು ಎಂಬ ಅನುಪಾತದ ಮೇಲೆ. ಗ್ರೋಸೈಟ್‌ನಲ್ಲಿ ಐದಕ್ಕೆ ಏಳು, ಎರಡಕ್ಕೆ ಮೂರರ ಆಸುಪಾಸು. ಆಮೇಲೆ ಲೋಹದ ಅಯಾನುಗಳ ಗಾತ್ರ. ಕ್ಯಾಲ್ಸಿಯಂ ದೊಡ್ಡದು, ಅಲ್ಯೂಮಿನಿಯಂ ಚಿಕ್ಕದು. ಹೀಗೆ ಸೋಸುತ್ತಾ ಹೋದರೆ ಗ್ರೋಸೈಟ್, ಸಿಎ6 ಎರಡೂ ಒಂದೇ ಕೋಣೆಗೆ ಬಂದು ಸೇರುತ್ತವೆ.

ಒಳಗೆ ಮಾತ್ರ ಎರಡರ ಕಟ್ಟಡ ಬೇರೆ ಬೇರೆ. ಗ್ರೋಸೈಟ್‌ನಲ್ಲಿ ಪ್ರತಿ ಅಲ್ಯೂಮಿನಿಯಂ ಸುತ್ತಲೂ ನಾಲ್ಕು ಆಕ್ಸಿಜನ್, ನಾಲ್ಕು ಮೂಲೆಯ ಗೋಪುರ. ಗೋಪುರಗಳು ಮೂಲೆಗೆ ಮೂಲೆ ಹಂಚಿಕೊಂಡು ಚೌಕಟ್ಟು ಕಟ್ಟುತ್ತವೆ, ಕೆಲವು ಕಡೆ ಒಂದೇ ಆಕ್ಸಿಜನ್ನಿಗೆ ಮೂರು ಗೋಪುರ ಜೋತುಬೀಳುತ್ತವೆ. ನಡುವಿನ ಖಾಲಿಯಲ್ಲಿ ಕ್ಯಾಲ್ಸಿಯಂ. ಚೌಕಟ್ಟು ಸಡಿಲವಾದ್ದರಿಂದ ಖನಿಜ ಹಗುರ, ಸಾಂದ್ರತೆ 2.9ರ ಹತ್ತಿರ. ಕಾಯಿಸಿದರೆ ಬಹಳ ಕಮ್ಮಿ ಹಿಗ್ಗುತ್ತದೆ. ಬೆಂಕಿಯ ಗೋಡೆಗೆ ಇದನ್ನು ಯಾಕೆ ಇಷ್ಟಪಡುತ್ತಿದ್ದರು ಎಂಬುದು ನನಗೆ ಪೂರ್ತಿ ಅರ್ಥವಾದದ್ದು ಇವತ್ತೇ. ಸಿಎ6ನಲ್ಲಿ ಅಲ್ಯೂಮಿನಿಯಂ ನಾಲ್ಕು, ಐದು, ಆರು ಆಕ್ಸಿಜನ್ನುಗಳ ನಡುವೆ ಒತ್ತೊತ್ತಾಗಿ ಕೂರುತ್ತದೆ. ಸಾಂದ್ರತೆ 3.8, ಗಡಸುತನ 7.5ರಿಂದ 8.

ಗ್ರೋಸೈಟ್ ಬಣ್ಣವಿಲ್ಲದ್ದು ಅಥವಾ ಬಿಳಿ, ಸ್ಫಟಿಕವ್ಯೂಹ ಮಾನೊಕ್ಲಿನಿಕ್. ಉಲ್ಕಾಶಿಲೆಯಲ್ಲಿ ಕಣಗಳು ಮೈಕ್ರಾನ್ ಲೆಕ್ಕದಲ್ಲಿ ಇರುವುದರಿಂದ ಕಣ್ಣಳತೆಯಲ್ಲಿ ಹೇಳುವಂಥದ್ದೇನೂ ಇಲ್ಲ. ಎಲೆಕ್ಟ್ರಾನ್ ಪ್ರೋಬ್ ಕೆಳಗಿಟ್ಟು ಸಂಯೋಜನೆ ತೆಗೆಯಬೇಕು.

ಸಂಯೋಜನೆ ಒಂದೇ ಇದ್ದರೂ ಹೆಸರು ಎರಡಾಗಬಹುದು. ನಮ್ಮ ಸಿಎ ಉಲ್ಕಾಶಿಲೆಯಲ್ಲಿ ಸಿಕ್ಕಾಗ ಹವಾಯಿ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಕ್ರೋಟ್ ಅವರ ಹೆಸರಿನಲ್ಲಿ ಕ್ರೋಟೈಟ್ ಆಯಿತು. ಅದೇ ಸಂಯೋಜನೆಯ, ಹೆಚ್ಚು ಒತ್ತಡದಲ್ಲಿ ಬೇರೆ ರಚನೆ ತಾಳಿದ ರೂಪಕ್ಕೆ ದ್ಮಿತ್ರಿಇವಾನೊವೈಟ್ ಎಂಬ ಬೇರೆ ಹೆಸರು. ಹೆಸರು ಕೈತಪ್ಪುವುದೂ ಉಂಟು. ಸಿ12ಎ7 1964ರಲ್ಲಿ ಜರ್ಮನಿಯ ಮಾಯೆನ್ ಬಳಿಯ ಜ್ವಾಲಾಮುಖಿ ಕಲ್ಲಿನಲ್ಲಿ ಸಿಕ್ಕಿ ಮಾಯೆನೈಟ್ ಆಯಿತು. ಮುಂದೆ ಅದೇ ಮಾದರಿಯನ್ನು ಪುನಃ ಪರೀಕ್ಷಿಸಿದಾಗ ಒಳಗೆ ಕ್ಲೋರಿನ್ ಕಂಡು, ಈಗ ಕ್ಲೋರ್‌ಮಾಯೆನೈಟ್. ಅದರ ರಚನೆ ಪಂಜರಗಳ ಸಾಲು, ಒಳಗೆ ಏನಾದರೂ ಹೊಕ್ಕಿಕೊಳ್ಳುತ್ತದೆ. 2003ರಲ್ಲಿ ಜಪಾನಿನ ಹೊಸೊನೊ ಅವರ ತಂಡ ಆ ಪಂಜರಗಳಿಂದ ಆಕ್ಸಿಜನ್ ತೆಗೆದು ಎಲೆಕ್ಟ್ರಾನ್‌ಗಳನ್ನೇ ತುಂಬಿತು. ಸಿಮೆಂಟಿನ ಪುಡಿ ವಿದ್ಯುತ್ ಹರಿಸುವ ವಸ್ತುವಾಯಿತು.

ಜನವರಿ 29, ಬುಧವಾರ

ಟಿ. ನರಸೀಪುರಕ್ಕೆ ಬ್ಯಾಂಕಿನ ಕೆಲಸಕ್ಕೆ ಹೋಗಿದ್ದೆ. ಮುಂದಿನ ತಿಂಗಳು ಕುಂಭಮೇಳ. ಕಾವೇರಿ, ಕಪಿಲೆ, ಗುಪ್ತಗಾಮಿನಿ ಸ್ಫಟಿಕ ಸರೋವರ ಕೂಡುವಲ್ಲಿ ಶಾಮಿಯಾನಾ ಕಂಬ ನೆಡುತ್ತಿದ್ದಾರೆ, ಟಿಪ್ಪರುಗಳ ಓಡಾಟ. 2019ರ ನಂತರ ಈಗ ನಡೆಯುತ್ತಿರುವುದು.

ಸೋಪಾನದ ಮೇಲೆ ನಿಂತಾಗ ಗ್ರೋಸೈಟ್‌ನ ಎರಡನೇ ಶತ್ರು ನೆನಪಾಯಿತು. ಮರಳು ಹುಟ್ಟಲು ಬಿಡುವುದಿಲ್ಲ. ಹುಟ್ಟಿದರೆ ನೀರು ಉಳಿಯಲು ಬಿಡುವುದಿಲ್ಲ.

ಲ್ಯಾಬಿನಲ್ಲಿ ಹೊಸಬರಿಗೆ ನಾನು ತೋರಿಸುತ್ತಿದ್ದ ಆಟ: ಜಿಪ್ಸಂ ಸೇರಿಸದ ಕ್ಲಿಂಕರ್ ಪುಡಿಗೆ ನೀರು ಹಾಕಿ ಕರಣೆಯಲ್ಲಿ ಕಲಸು. ಎರಡು ಸಲ ತಿರುವುವಷ್ಟರಲ್ಲಿ ಕರಣೆ ಬಿಗಿಹಿಡಿಯುತ್ತದೆ, ಬಟ್ಟಲು ಅಂಗೈಗೆ ಬಿಸಿ ತಾಗುತ್ತದೆ. ವಿಕ್ಯಾಟ್ ಸೂಜಿ ಇಳಿಸಿದರೆ ಮೇಲೇ ನಿಲ್ಲುತ್ತದೆ. ಅದು ಸಿ3ಎ ನೀರಿಗೆ ತೋರಿಸುವ ಆತುರ. ಅದನ್ನು ತಡೆದು ಮೇಸ್ತ್ರಿಗೆ ಅರ್ಧ ಗಂಟೆಯಾದರೂ ಸಿಗಲೆಂದೇ ಜಿಪ್ಸಂ ಹಾಕುವುದು. ಸುಣ್ಣ ಕಡಿಮೆಯಾದಷ್ಟೂ ಆತುರ ಇಳಿಯುತ್ತದೆ. ಸಿಎ ಒಂದೇ ದಿನದಲ್ಲಿ ಗಟ್ಟಿಯಾಗುತ್ತದೆ, ಗ್ರೋಸೈಟ್ ನಿಧಾನ, ಸಿಎ6 ನೀರಿಗೆ ಸೊಪ್ಪೇ ಹಾಕುವುದಿಲ್ಲ. ಹತ್ರೂರಿಂ ಒಣ ನಾಡಾದ್ದರಿಂದ ಅಷ್ಟಾದರೂ ಉಳಿದಿದೆ. ಎರಡು ಹೊಳೆ ಕೂಡುವ, ಮುಂಗಾರು ಹಿಂಗಾರು ಎರಡೂ ಬೀಳುವ ನಮ್ಮ ಸೀಮೆಯಲ್ಲಿ ಸುಣ್ಣದಂಶ ಹೆಚ್ಚಿರುವ ಯಾವ ಕ್ಯಾಲ್ಸಿಯಂ ಅಲ್ಯೂಮಿನೇಟೂ ಬಹುಕಾಲ ನಿಲ್ಲಲಾರದು.

ನೀರು ಕುಡಿದ ಮೇಲೆ ಏನಾಗುತ್ತದೆ ಎಂಬುದಕ್ಕೂ ಒಂದು ಸ್ಲೈಡ್ ಇರಲಿ ಎಂದು ಅವಳಿಗೆ ಬರೆದೆ. ಫ್ರಾನ್ಸಿನ ಲಫಾರ್ಜ್ ಕಂಪನಿಯ ಜೂಲ್ ಬೀಡ್ 1908ರಲ್ಲಿ ಪೇಟೆಂಟ್ ಪಡೆದ ಅಲ್ಯೂಮಿನಾ ಸಿಮೆಂಟಿನ ಜೀವಾಳ ಸಿಎ. ಬೇಗ ಗಟ್ಟಿಯಾಗುತ್ತದೆಂದು ತೊಲೆ ಎರಕಕ್ಕೆ ಅದನ್ನು ಬಳಸಿದರು. ಆದರೆ ಮೊದಲು ಆಗುವ ಜಲಸಂಯುಕ್ತ ಸ್ಥಿರವಲ್ಲ. ಬಿಸಿ, ತೇವ ಇರುವಲ್ಲಿ ಅದು ಕಡಿಮೆ ಜಾಗ ಹಿಡಿಯುವ ಇನ್ನೊಂದು ರೂಪಕ್ಕೆ ಬದಲಾಗುತ್ತದೆ, ಕಾಂಕ್ರೀಟಿನೊಳಗೆ ರಂಧ್ರ ಉಳಿಯುತ್ತದೆ. 1974ರಲ್ಲಿ ಲಂಡನ್ನಿನ ಶಾಲೆಯೊಂದರ ಈಜುಕೊಳದ ಚಾವಣಿ ಕುಸಿದದ್ದರ ಹಿಂದೆ ಈ ಬದಲಾವಣೆಯೂ ಇತ್ತು. ಆ ಸ್ಥಿರ ರೂಪ ಪ್ರಕೃತಿಯಲ್ಲೂ ಇದೆ. ಹೆಸರು ಕಟೊಐಟ್, ಸೇರುವುದು ಗಾರ್ನೆಟ್ ಕುಟುಂಬಕ್ಕೆ.

ಕನ್ನಂಬಾಡಿ ಕಟ್ಟೆಯ ಸುಣ್ಣ-ಸುರ್ಕಿ ಗಾರೆಯಲ್ಲೂ ಇದೇ ಮೂರು ಪದಾರ್ಥಗಳ ಆಟ. ಸುಟ್ಟ ಇಟ್ಟಿಗೆಪುಡಿಯ ಅಲ್ಯೂಮಿನಾ, ಸಿಲಿಕಾ ಎರಡೂ ಸುಣ್ಣದೊಂದಿಗೆ ನಿಧಾನವಾಗಿ, ನೀರನ್ನು ಒಳಗಿಟ್ಟುಕೊಂಡೇ ಗಟ್ಟಿಯಾಗುತ್ತವೆ. ನೀರನ್ನು ಒಪ್ಪಿಕೊಂಡೇ ಹುಟ್ಟಿದ್ದರಿಂದ ಅದಕ್ಕೆ ನೀರಿನ ಭಯವಿಲ್ಲ.

ಫೆಬ್ರವರಿ 3, ಸೋಮವಾರ

ಸಿಎ6 ಬಗ್ಗೆ ಇವತ್ತು ಅವಳು ತಂದ ಸುದ್ದಿ ಖುಷಿ ಕೊಟ್ಟಿತು. ಅದರ ಖನಿಜ ರೂಪ ಹಿಬೊನೈಟ್. 1953ರಲ್ಲಿ ಮಡಗಾಸ್ಕರಿನಲ್ಲಿ ಅದನ್ನು ಕಂಡವರು ಪಾಲ್ ಇಬೊಂ ಎಂಬ ಫ್ರೆಂಚ್ ಗಣಿ ಶೋಧಕ, ಹೆಸರು ಬಂದದ್ದು 1956ರಲ್ಲಿ. ನೆಲದಲ್ಲಿ ಸಿಕ್ಕುವುದು ಕಂದುಗಪ್ಪು, ಉಲ್ಕಾಶಿಲೆಯಲ್ಲಿ ಕೆಲವೊಮ್ಮೆ ಟೈಟಾನಿಯಂ ಸೇರಿ ಕಡುನೀಲಿ. ಭಾರತದಲ್ಲೂ ಇದೆ: ಕೇರಳದ ಪುನಲೂರಿನ ಹತ್ತಿರ, ಸಿಲಿಕಾ ತೀರಾ ಕಡಿಮೆ ಇರುವ ವಿಚಿತ್ರ ಶಿಲೆಯೊಂದರಲ್ಲಿ. 1991ರ ಲೇಖನವೊಂದರಲ್ಲಿ ಅದರ ವಿವರ ಇದೆ. ಒಂದು ಕಾಲದಲ್ಲಿ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿತ್ತು. ಆಗ ಈ ಎರಡು ಜಾಗಗಳ ನಡುವೆ ಸಮುದ್ರ ಇರಲಿಲ್ಲ.

ಅವಳಿಗೆ ಈಗ ಹುರುಪು. ಮೈಸೂರು ಸೀಮೆಯಲ್ಲಿ ಹುಡುಕಿದರೆ? ನಂಜನಗೂಡಿನ ಕಾರ್ಯ ಎಂಬ ಊರಿನ ಕಡೆ ಮ್ಯಾಗ್ನಸೈಟ್ ಇದೆ, ಸಿಂಧುವಳ್ಳಿಯಲ್ಲಿ ಕ್ರೋಮೈಟ್ ತೆಗೆದಿದ್ದಾರೆ. ಇವೆಲ್ಲ ಸಿಲಿಕಾ ಕಡಿಮೆ ಇರುವ ಶಿಲೆಗಳ ನಂಟಿನವು. ಆದರೆ ಅಲ್ಲಿ ತುಂಬಿರುವುದು ಮೆಗ್ನೀಷಿಯಂ, ಅಲ್ಯೂಮಿನಾ ಸಾಲದು. ಹಾಗಾಗಿ ಕುರುಂದದ ಜಾಡು ಹಿಡಿ ಅಂದೆ. 1894ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರ ಮುಂದಾಳತ್ವದಲ್ಲಿ ಶುರುವಾದ ಮೈಸೂರು ಭೂವಿಜ್ಞಾನ ಇಲಾಖೆಯ ಹಳೆಯ ವರದಿಗಳಲ್ಲಿ ಕುರುಂದದ ಮಾತು ಬರುತ್ತದೆ. ಕುರುಂದವೂ ಸ್ಫಟಿಕವೂ ಸಾಮಾನ್ಯವಾಗಿ ಒಂದೇ ಕಲ್ಲಿನಲ್ಲಿ ಜೊತೆಗಿರುವುದಿಲ್ಲ. ಕುರುಂದ ಇದ್ದರೆ ಅಲ್ಲಿ ಸಿಲಿಕಾಕ್ಕೆ ಬರ ಎಂದರ್ಥ. ಅಂಥ ಕಲ್ಲಿಗೆ ಪಕ್ಕದ ಸುಣ್ಣಕಲ್ಲಿನಿಂದ ಕ್ಯಾಲ್ಸಿಯಂ ಹರಿದು ಬಂದಿದ್ದರೆ, ಬಿಸಿಯೂ ಸಾಕಷ್ಟಿದ್ದರೆ, ಗ್ರೋಸೈಟ್ ಅಲ್ಲದಿದ್ದರೂ ನೀರಿಗೆ ಅಂಜದ ಹಿಬೊನೈಟ್‌ನ ಒಂದು ಕಣ ಇರಬಹುದು. ಇದ್ದೇ ಇದೆ ಎನ್ನಲು ಆಧಾರವಿಲ್ಲ. ಎಲ್ಲಿ ಹುಡುಕುವುದು ದಂಡ ಎಂಬುದಂತೂ ಈಗ ಗೊತ್ತು.

ಫೆಬ್ರವರಿ 7, ಶುಕ್ರವಾರ

ಸೆಮಿನಾರ್ ಮುಗಿಯಿತಂತೆ. ಸಂಜೆ ಬಸ್ಸಿನಿಂದಲೇ ಫೋನು, ಹಿಂದೆ ಕಂಡಕ್ಟರ್ ಕೂಗು.

ಸಹಪಾಠಿಯೊಬ್ಬ ಎದ್ದು ಕೇಳಿದನಂತೆ: ಕಾರ್ಖಾನೆಯಲ್ಲಿ ಟನ್ನುಗಟ್ಟಲೆ ಮಾಡುವ ಪದಾರ್ಥವನ್ನು ಅಪರೂಪ ಅನ್ನುವುದು ಹೇಗೆ? ಅವಳು ತಲಕಾಡಿನ ಮರಳಿನ ಫೋಟೋಗೆ ವಾಪಸು ಹೋಗಿ ಹೇಳಿದಳಂತೆ, "ಕಾರ್ಖಾನೆಯಲ್ಲಿ ಸಿಲಿಕಾ ಒಳಗೆ ಬರದ ಹಾಗೆ ಕಾಯೋಕೆ ಸಂಬಳ ಕೊಟ್ಟು ಜನ ಇಟ್ಟಿರ್ತಾರೆ. ಚೀಲಕ್ಕೆ ತೇವ ತಾಗದ ಹಾಗೆ ಗೋಡೌನ್ ಇರುತ್ತೆ. ಭೂಮಿ ಮೇಲೆ ಆ ಕೆಲಸ ಯಾರೂ ಮಾಡಲ್ಲ. ಆದ್ದರಿಂದ ಇದು ಉಳಿದಿರೋದು ಒಂದು ಮರುಭೂಮಿಯಲ್ಲಿ, ಕೆಲವು ಜ್ವಾಲಾಮುಖಿಗಳ ಒಡಲಲ್ಲಿ, ಮತ್ತೆ ಸೂರ್ಯ ಹುಟ್ಟಿದಾಗ ಉದುರಿದ ಧೂಳಲ್ಲಿ."

ಸಂಬಳಕ್ಕೆ ಹಾಗೆ ಕಾದವನು ನಾನೇ. ಮೂವತ್ತು ವರ್ಷ ಸ್ಯಾಂಪಲ್ ಚೀಟಿಯಲ್ಲಿ ಸಿಲಿಕಾ ಶೇಕಡಾ ಎಷ್ಟು ಎಂದು ಬರೆದವನಿಗೆ, ಆ ಅಂಕಿಯೇ ಒಂದು ಖನಿಜದ ಹಣೆಬರಹ ಎಂದು ಯಾವತ್ತೂ ಹೊಳೆದಿರಲಿಲ್ಲ. ಅಪರೂಪ ಎಂದರೆ ಪದಾರ್ಥ ಕಮ್ಮಿ ಎಂದುಕೊಳ್ಳುತ್ತೇವೆ. ಗ್ರೋಸೈಟ್‌ನ ಪದಾರ್ಥ ನಮ್ಮ ಹೊಲದ ಮಣ್ಣಿನಲ್ಲೇ ಇದೆ. ಅದು ಒಂದಾಗಲು ಬೇಕಾದ ಏಕಾಂತ ಇಲ್ಲ.

ಬೇಸಿಗೆ ರಜೆಯಲ್ಲಿ ಕುರುಂದದ ಜಾಡು ಹಿಡಿದು ಸರಗೂರು ಕಡೆ ಓಡಾಡುತ್ತಾಳಂತೆ, ನಾನೂ ಬರಬೇಕಂತೆ. ಮಂಡಿ ನೋವು, ದೂರ ನಡೆಯಲಾರೆ, ಜೀಪಿನಲ್ಲಿ ಕೂತಿರುತ್ತೇನೆ ಅಂದೆ. "ಸರಿ, ಕಲ್ಲು ತಂದು ನಿಮ್ಮ ಕೈಗೆ ಕೊಡ್ತೀನಿ. ಮೊದಲು ಏನು ನೋಡ್ಬೇಕು?" ಎಂದು ಕೇಳಿದಳು. ಕುರುಂದ ಹುಡುಕಬೇಡ, ಮೊದಲು ಸ್ಫಟಿಕ ಇದೆಯೇ ನೋಡು, ಒಂದು ಕಣ ಕಂಡರೂ ಅಲ್ಲೇ ಬಿಟ್ಟು ಮುಂದಿನ ಕಲ್ಲಿಗೆ ಹೋಗು ಅಂದೆ.